ನಿಮ್ಮ ಕಣದಲ್ಲೇ ಭೂಮಿ ಅಳೆಯಿರಿ: ಅಕ್ಷಾಂಶ, ರೇಖಾಂಶ, ನಕ್ಷೆ, ದಾರಿ ಹುಡುಕುವಿಕೆಯ ಸಮಗ್ರ ಮಾರ್ಗದರ್ಶಿ

ಹಾಸನದಿಂದ ಸಕಲೇಶಪುರದ ಕಡೆ ಹೊರಟರೆ ನಡುವೆ ಆಲೂರು ಸಿಗುತ್ತದೆ. ಆ ಊರಿನ ಆಸುಪಾಸಿನಲ್ಲೇ ಎರಡು ಗೆರೆಗಳು ಒಂದನ್ನೊಂದು ದಾಟುತ್ತವೆ. ಕಣ್ಣಿಗೆ ಕಾಣುವ ಗೆರೆಗಳಲ್ಲ. ಒಂದು 13 ಡಿಗ್ರಿ ಉತ್ತರ ಅಕ್ಷಾಂಶ, ಇನ್ನೊಂದು 76 ಡಿಗ್ರಿ ಪೂರ್ವ ರೇಖಾಂಶ. ಎರಡೂ ಪೂರ್ಣ ಸಂಖ್ಯೆಗಳು. ಪೂರ್ಣ ಸಂಖ್ಯೆಯ ಗೆರೆಗಳು ಕೂಡುವ ಇಂಥ ಒಂದು ಜಾಗದಿಂದ ಇನ್ನೊಂದಕ್ಕೆ ನಮ್ಮ ಕಡೆ ನೂರಹತ್ತು ಕಿಲೋಮೀಟರ್ ಹತ್ತಿರ ಹತ್ತಿರ ದೂರವಿದೆ. ಅಂಥದ್ದೊಂದು ನಮ್ಮ ಮಗ್ಗುಲಲ್ಲೇ ಇದೆ.

ಇದನ್ನು ಓದಿ ಮುಗಿಸುವ ಹೊತ್ತಿಗೆ ನೀವು ಆ ಮೂಲೆಯನ್ನು ಹುಡುಕಿಕೊಂಡು ಹೋಗುವಷ್ಟು ತಯಾರಾಗಬೇಕು ಅನ್ನುವುದು ನನ್ನ ಆಸೆ. "ಮೊಬೈಲ್ ಇದೆಯಲ್ಲ, ಇದೆಲ್ಲ ಯಾಕೆ?" ಅಂತ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊಬೈಲ್ ತೋರಿಸುವ ಸಂಖ್ಯೆ ಯಾರೋ ಹೇಳಿದ ಮಾತಿನ ಹಾಗೆ. ಒಮ್ಮೆ ನಿಮ್ಮ ಮನೆಯ ಕಣದಲ್ಲಿ ಒಂದು ಕೋಲು ನೆಟ್ಟು ಅದೇ ಸಂಖ್ಯೆಯನ್ನು ನೀವೇ ಅಳೆದು ನೋಡಿ. ಆಮೇಲೆ ಆ ಸಂಖ್ಯೆಯ ಜೊತೆ ನಿಮ್ಮ ಸಂಬಂಧವೇ ಬೇರೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಕೋಲು, ಟೇಪು, ಸೀಮೆಸುಣ್ಣ, ಪೋಸ್ಟ್‌ಕಾರ್ಡಿನಷ್ಟು ದೊಡ್ಡ ರಟ್ಟು, ಗಾರೆಯವರ ತೂಗುಗುಂಡು, ಒಂದು ದಿಕ್ಸೂಚಿ. ಮತ್ತೆ ಒಂದು ಚಕ್ಕೋತ ಹಣ್ಣು. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ಭೂಮಿಯ ಚಕ್ಕುಬಂದಿ

ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಬರೆದಿರುತ್ತದೆ, ಅಲ್ವಾ? ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ. ಅಕ್ಕಪಕ್ಕ ಗೊತ್ತಿದ್ದರೆ ಮಾತ್ರ ಅದು ಅರ್ಥವಾಗುತ್ತದೆ. ನಡುಸಮುದ್ರದಲ್ಲಿರುವ ಹಡಗಿಗೆ ಪಕ್ಕದ ತೋಟವೂ ಇಲ್ಲ, ಹಳ್ಳವೂ ಇಲ್ಲ. ಅಲ್ಲಿಗೂ ಹೊಂದುವ ಚಕ್ಕುಬಂದಿಯೇ ಅಕ್ಷಾಂಶ ಮತ್ತು ರೇಖಾಂಶ.

ಅಕ್ಷಾಂಶ ಅಂದರೆ ಭೂಮಧ್ಯರೇಖೆಯಿಂದ ನೀವು ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದೀರಿ ಅನ್ನುವ ಲೆಕ್ಕ. ಸೊನ್ನೆಯಿಂದ 90 ಡಿಗ್ರಿವರೆಗೆ. ರೇಖಾಂಶ ಅಂದರೆ ಸೊನ್ನೆ ಗೆರೆಯಿಂದ ಎಷ್ಟು ಪೂರ್ವ ಅಥವಾ ಪಶ್ಚಿಮ ಅನ್ನುವುದು. ಸೊನ್ನೆಯಿಂದ 180ರವರೆಗೆ. ಅಕ್ಷಾಂಶದ ಸೊನ್ನೆಯನ್ನು ಭೂಮಿಯ ತಿರುಗಾಟವೇ ಕೊಟ್ಟಿದೆ. ರೇಖಾಂಶದ ಸೊನ್ನೆಯನ್ನು ಮಾತ್ರ ಜನ ಕೂತು ತೀರ್ಮಾನ ಮಾಡಬೇಕಾಯಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ ಇಂಗ್ಲೆಂಡಿನ ಗ್ರೀನಿಚ್ ಗೆರೆಯನ್ನು ಒಪ್ಪಿಕೊಂಡಿತು.

ಅದಕ್ಕೂ ಬಹಳ ಹಿಂದೆ ನಮ್ಮ ಜ್ಯೋತಿಷಿಗಳಿಗೆ ಬೇರೆ ಸೊನ್ನೆ ಇತ್ತು. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದ ಲೆಕ್ಕದಲ್ಲಿ ಉಜ್ಜಯಿನಿಯ ಮೇಲೆ ಹೋಗುವ ಗೆರೆಯೇ ಮಧ್ಯರೇಖೆ. ಉಜ್ಜಯಿನಿಯ ರೇಖಾಂಶ ಇವತ್ತಿನ ಲೆಕ್ಕದಲ್ಲಿ ಸುಮಾರು 75.78. ಚಿಕ್ಕಮಗಳೂರಿನದು 75.77. ಹಳೆಯ ಲೆಕ್ಕ ಹಿಡಿದರೆ ಚಿಕ್ಕಮಗಳೂರು ಹೆಚ್ಚುಕಡಿಮೆ ಸೊನ್ನೆ ಗೆರೆಯ ಮೇಲೇ ಕೂತಿದೆ! ಇದು ನನಗೆ ಮೊದಲು ಹೊಳೆದ ದಿನ ಆ ಎರಡು ಸಂಖ್ಯೆಗಳನ್ನು ಮೂರು ನಾಲ್ಕು ಸಲ ಹೋಲಿಸಿ ನೋಡಿದ್ದೆ. ಜೈಪುರವೂ ಇದೇ ಗೆರೆಯಲ್ಲಿದೆ. ಚಿಕ್ಕಮಗಳೂರಿನಿಂದ ನೆಟ್ಟಗೆ ಉತ್ತರಕ್ಕೆ ಸುಮಾರು 1,500 ಕಿ.ಮೀ. ಹೋದರೆ ಜೈಪುರ.

ಅಡ್ಡಕ್ಕೆ ನೋಡಿದರೂ ಹೀಗೇ. ಚೆನ್ನೈ, ಬೆಂಗಳೂರು, ಹಾಸನ, ಮಂಗಳೂರು ನಾಲ್ಕೂ 13ರ ಆಸುಪಾಸಿನಲ್ಲೇ ಇವೆ. ನಮ್ಮ ಕಡೆಯ ಕೆಲವು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಲೆಕ್ಕಕ್ಕೆ ಬರುತ್ತವೆ. ಹಾಸನ 13.01 ಉತ್ತರ, 76.10 ಪೂರ್ವ. ಚಿಕ್ಕಮಗಳೂರು 13.32, 75.77. ಸಕಲೇಶಪುರ 12.94, 75.78. ಬೇಲೂರು 13.16, 75.86. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ 13.213, 75.995. ಅಂದರೆ 76ರ ಗೆರೆ ಆ ದೇವಸ್ಥಾನದ ಪೂರ್ವಕ್ಕೆ ಸುಮಾರು ಅರ್ಧ ಕಿಲೋಮೀಟರಿನಾಚೆ ಹಾದುಹೋಗುತ್ತದೆ.

ಸಂಖ್ಯೆ ಬರೆಯುವ ಎರಡು ಬಗೆ, ಮತ್ತು ಎಲ್ಲರೂ ಎಡವುವ ಜಾಗ

ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು. ಇದು ಹಳೆಯ ಬಗೆ. ಮುಳ್ಳಯ್ಯನಗಿರಿಯನ್ನು ಹೀಗೆ ಬರೆದರೆ 13°23′ ಉತ್ತರ, 75°43′ ಪೂರ್ವ. ಹೊಸ ಬಗೆಯಲ್ಲಿ ದಶಮಾಂಶ ಬಳಸುತ್ತಾರೆ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. 23 ಭಾಗಿಸು 60 ಅಂದರೆ 0.383. ಹಾಗಾಗಿ 13.383. ಅದೇ ರೀತಿ 75.717.

ಒಮ್ಮೆ ಗೆಳೆಯರೊಬ್ಬರು ಮುಳ್ಳಯ್ಯನಗಿರಿಗೆ ಹೊರಟ ತಂಡಕ್ಕೆ ಚೀಟಿಯಲ್ಲಿ "13.23, 75.43" ಎಂದು ಬರೆದುಕೊಟ್ಟಿದ್ದರು. ಅವರ ಮನಸ್ಸಿನಲ್ಲಿದ್ದದ್ದು ನಿಮಿಷ. ನಾನು ಮೊಬೈಲಿಗೆ ಹಾಕಿದ್ದು ದಶಮಾಂಶ ಅಂತ. ಬಾಣ ಮುಳ್ಳಯ್ಯನಗಿರಿ ಬಿಟ್ಟು ಕಳಸದ ಕಡೆ ತೋರಿಸತೊಡಗಿತು. ಲೆಕ್ಕ ಹಾಕಿದರೆ ಸುಮಾರು 35 ಕಿಲೋಮೀಟರ್ ವ್ಯತ್ಯಾಸ! ಹೊರಡುವ ಮೊದಲೇ ಕಣ್ಣಿಗೆ ಬಿದ್ದಿದ್ದರಿಂದ ತೊಂದರೆಯಾಗಲಿಲ್ಲ. ಅವತ್ತಿನಿಂದ ನಾನು ಡಿಗ್ರಿ–ನಿಮಿಷ ಬರೆದರೆ ಗುರುತು ಹಾಕಿಯೇ ಬರೆಯುತ್ತೇನೆ, ನೀವೂ ಹಾಗೇ ಮಾಡಿ. ಚುಕ್ಕಿ ಇಟ್ಟರೆ ಅದು ದಶಮಾಂಶ, ಅಷ್ಟೇ.

ಇನ್ನೊಂದು ಮಾತು. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಮ್ಮ ಕಡೆ ಇದನ್ನು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. 13, 76 ಎನ್ನುವುದನ್ನು 76, 13 ಮಾಡಿದರೆ ನಾರ್ವೆಯ ಉತ್ತರದ ಹಿಮಸಮುದ್ರಕ್ಕೆ ಹೋಗಿ ಬೀಳುತ್ತೀರಿ.

ದಶಮಾಂಶದಲ್ಲಿ ಎಷ್ಟು ಸ್ಥಾನ ಬೇಕು? ಎರಡು ಸ್ಥಾನ ಅಂದರೆ ಒಂದು ಕಿಲೋಮೀಟರಿನಷ್ಟು ಒರಟು, ಊರು ಹೇಳಲು ಸಾಕು. ನಾಲ್ಕು ಸ್ಥಾನ ಅಂದರೆ ಸುಮಾರು 11 ಮೀಟರ್, ಮನೆ ಗೇಟು ಹೇಳಲು ಸಾಕು. ಐದನೆಯದು ಒಂದು ಮೀಟರ್. ಅದಕ್ಕಿಂತ ಮುಂದಿನ ಅಂಕಿಗಳನ್ನು ಮೊಬೈಲ್ ತೋರಿಸಿದರೂ ನಂಬುವ ಹಾಗಿಲ್ಲ.

ಕಣದಲ್ಲಿ ಅಕ್ಷಾಂಶ ಅಳೆಯುವುದು

ಇದು ಈ ಬರಹದ ಜೀವ, ಸ್ವಲ್ಪ ನಿಧಾನವಾಗಿ ಓದಿ.

ಮಾರ್ಚ್ 20 ಅಥವಾ 21ರಂದು ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುತ್ತಾನೆ. ಆ ದಿನ ನಡುಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯಿಂದ ಎಷ್ಟು ಡಿಗ್ರಿ ದಕ್ಷಿಣಕ್ಕೆ ಇರುತ್ತಾನೋ ಅದೇ ನಮ್ಮ ಅಕ್ಷಾಂಶ. ಸೆಪ್ಟೆಂಬರ್ 22–23ರಲ್ಲೂ ಹೀಗೇ. ಆದರೆ ಮಲೆನಾಡಿನಲ್ಲಿ ಆಗಿನ ಮೋಡ ನಂಬುವ ಹಾಗಿಲ್ಲ. ಮಾರ್ಚೇ ಒಳ್ಳೆಯದು. ಕಾಫಿ ಒಣಗಿಸುವ ಕೆಲಸ ಬಹುಪಾಲು ಮುಗಿದು ಕಣ ಖಾಲಿ ಇರುತ್ತದೆ. ಹೂಮಳೆ ಬಂದರೂ ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಬರುತ್ತದೆ.

ಕಣ ಅಂದಮೇಲೆ ನೀರು ಹರಿಯಲಿ ಅಂತ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ರಸಮಟ್ಟ ಇಟ್ಟು ನೋಡಿ, ಮಟ್ಟವಾಗಿರುವ ಜಾಗ ಆರಿಸಿಕೊಳ್ಳಿ. ಎಲ್ಲೂ ಸಿಗದಿದ್ದರೆ ಒಂದು ಪ್ಲೈವುಡ್ ಹಲಗೆ ಹಾಕಿ ಕೆಳಗೆ ಚಕ್ಕೆ ಕೊಟ್ಟು ಮಟ್ಟ ಮಾಡಿ.

ಬರೀ ಕೋಲಿನ ನೆರಳು ಅಳೆಯಬೇಡಿ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ತುದಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಎಲ್ಲಿ ಗೆರೆ ಎಳೆಯಬೇಕು ಅನ್ನುವುದೇ ತಿಳಿಯುವುದಿಲ್ಲ. ಅದರ ಬದಲು ರಟ್ಟಿನ ನಡುವೆ ಮೂರು ಮಿಲಿಮೀಟರಿನ ತೂತು ಮಾಡಿ. ಕೋಲಿನ ತಲೆಗೆ, ಒಂದು ಬದಿಗೆ ಚಾಚಿಕೊಂಡಿರುವ ಹಾಗೆ, ರಟ್ಟನ್ನು ಮೊಳೆ ಹೊಡೆದು ಕೂರಿಸಿ. ತೂತಿನಿಂದ ನೆಲಕ್ಕೆ ಸರಿಯಾಗಿ 100 ಸೆಂಟಿಮೀಟರ್ ಎತ್ತರ ಇರಲಿ. ತೂತಿನಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇದನ್ನು ಪಾದ ಅಂತ ಕರೆಯೋಣ. ಈಗ ರಟ್ಟಿನ ನೆರಳಿನ ನಡುವೆ ದುಂಡಗಿನ ಒಂದು ಬಿಸಿಲ ಚುಕ್ಕಿ ಬೀಳುತ್ತದೆ. ಅದು ಸೂರ್ಯನದೇ ಬಿಂಬ. ಅದರ ನಡು ಎಲ್ಲಿದೆ ಅಂತ ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ. ಹತ್ತು ನಿಮಿಷಕ್ಕೊಮ್ಮೆ ಚುಕ್ಕಿಯ ನಡುವಿಗೆ ಗುರುತು ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ. ಮಧ್ಯಾಹ್ನ ಎರಡೂವರೆವರೆಗೆ ಮಾಡಿ. ಊಟಕ್ಕೆ ಪಾಳಿ ಮೇಲೆ ಹೋಗಿ ಬನ್ನಿ, ಗುರುತು ತಪ್ಪಬಾರದು.

ಆಮೇಲೆ ಒಂದು ಉದ್ದ ರೀಪರ್ ತಂದು ಗುರುತುಗಳ ಪಕ್ಕ ಇಟ್ಟು ನೋಡಿ. ಎಲ್ಲ ಗುರುತುಗಳೂ ಒಂದೇ ನೇರ ಗೆರೆಯಲ್ಲಿ ಇರುತ್ತವೆ. ವರ್ಷದ ಬೇರೆ ದಿನ ಈ ದಾರಿ ಬಾಗುತ್ತದೆ, ಹಗಲು–ರಾತ್ರಿ ಸಮ ಇರುವ ದಿನ ಮಾತ್ರ ನೇರ. ಆ ಗೆರೆಯೇ ನಿಮ್ಮ ಪೂರ್ವ–ಪಶ್ಚಿಮ. ಪಾದದಿಂದ ಆ ಗೆರೆಗೆ ಮೂಲೆಮಟ್ಟ ಹಿಡಿದು ಲಂಬ ಎಳೆಯಿರಿ, ಅದು ಉತ್ತರ–ದಕ್ಷಿಣ. ದಿಕ್ಸೂಚಿ ಮುಟ್ಟದೆಯೇ ನಿಜವಾದ ಉತ್ತರ ಸಿಕ್ಕಿತು. ನಮ್ಮ ಹಿಂದಿನವರು ಇದೇ ಕೆಲಸಕ್ಕೆ ಬಳಸುತ್ತಿದ್ದ ಕೋಲಿಗೆ ಶಂಕು ಎಂದು ಹೆಸರು. ಕಟ್ಟಡ ಶುರು ಮಾಡುವಾಗ ನಾವು ಇವತ್ತಿಗೂ ಹೇಳುವ ಶಂಕುಸ್ಥಾಪನೆಯಲ್ಲಿರುವ ಶಂಕುವೂ ನೆಲಕ್ಕೆ ನೆಡುವ ಗೂಟವೇ.

ಈಗ ಟೇಪು ಹಿಡಿಯಿರಿ. ಪಾದದಿಂದ ಗೆರೆಗೆ ಎಷ್ಟು ದೂರ? ಹಾಸನದಲ್ಲಿ 23.1 ಸೆಂ.ಮೀ. ಬರಬೇಕು. ಚಿಕ್ಕಮಗಳೂರಿನಲ್ಲಿ 23.7. ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ 23.1 ಭಾಗಿಸು 100, ಅಂದರೆ 0.231 ಹಾಕಿ, ವಿಲೋಮ ಟ್ಯಾನ್ (tan⁻¹) ಒತ್ತಿ. 13.0 ಅಂತ ಬರುತ್ತದೆ. ಅದೇ ನಿಮ್ಮ ಅಕ್ಷಾಂಶ.

ಆ ಆರು ಮಿಲಿಮೀಟರ್ ವ್ಯತ್ಯಾಸವನ್ನು ಒಮ್ಮೆ ಬೆರಳ ತುದಿಯಲ್ಲಿ ತೋರಿಸಿಕೊಳ್ಳಿ. ಒಂದು ಕಾಫಿ ಬೀಜದ ಅಗಲದಷ್ಟು. ಹಾಸನಕ್ಕೂ ಚಿಕ್ಕಮಗಳೂರಿಗೂ ಉತ್ತರ–ದಕ್ಷಿಣವಾಗಿ ಇರುವ 34 ಕಿಲೋಮೀಟರ್ ಈ ಕಣದಲ್ಲಿ ಅಷ್ಟಕ್ಕೆ ಇಳಿದಿದೆ. ಒಂದು ಮಿಲಿಮೀಟರ್ ತಪ್ಪಿದರೆ ಭೂಮಿಯ ಮೇಲೆ ಆರು ಕಿಲೋಮೀಟರ್ ತಪ್ಪಿದ ಹಾಗೆ. ರಸಮಟ್ಟ, ತೂಗುಗುಂಡು ಅಂತ ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಬೇರೆ ದಿನಗಳಲ್ಲೂ ಅಳೆಯಬಹುದು. ಆ ದಿನ ಸೂರ್ಯ ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಸರಿದಿದ್ದಾನೆ ಅನ್ನುವುದನ್ನು ಕೋಷ್ಟಕದಲ್ಲಿ ನೋಡಿ ಕೂಡಿಸಬೇಕು ಅಥವಾ ಕಳೆಯಬೇಕು. ಡಿಸೆಂಬರ್ 21ರ ಸುಮಾರಿಗೆ ಸೂರ್ಯ 23.4 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಆಗ ಹಾಸನದಲ್ಲಿ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು 74 ಸೆಂ.ಮೀ., ಉತ್ತರಕ್ಕೆ. ಜೂನ್ 21ಕ್ಕೆ ಕೇವಲ 18 ಸೆಂ.ಮೀ., ಅದೂ ದಕ್ಷಿಣಕ್ಕೆ! ನಡುವೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದಂತಾಗುತ್ತದೆ. ಹಾಸನದಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಚಿಕ್ಕಮಗಳೂರಿನಲ್ಲಿ ಏಪ್ರಿಲಿನಲ್ಲಿ ಒಂದು ದಿನ ತಡ, ಆಗಸ್ಟಿನಲ್ಲಿ ಒಂದು ದಿನ ಮುಂಚೆ. ಆಗಸ್ಟಿನ ಮಳೆಯಲ್ಲಿ ನೋಡಲು ಸಿಗುವುದು ಕಷ್ಟ. ಏಪ್ರಿಲ್ ಬಿಡಬೇಡಿ. ಒಂದು ಸ್ಟೀಲ್ ಲೋಟ ಬೋರಲು ಹಾಕಿ ಮಕ್ಕಳಿಗೆ ತೋರಿಸಿ.

ಅದೇ ಗುರುತುಗಳಿಂದ ರೇಖಾಂಶ

ಅಕ್ಷಾಂಶಕ್ಕೆ ಟೇಪು ಸಾಕು. ರೇಖಾಂಶಕ್ಕೆ ಗಡಿಯಾರ ಬೇಕು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಿಮ್ಮ ಊರಿನ ನಡುಮಧ್ಯಾಹ್ನಕ್ಕೂ ಗೊತ್ತಿರುವ ಇನ್ನೊಂದು ಗೆರೆಯ ನಡುಮಧ್ಯಾಹ್ನಕ್ಕೂ ಎಷ್ಟು ನಿಮಿಷ ಅಂತರ ಅಂತ ತಿಳಿದರೆ ರೇಖಾಂಶ ಸಿಕ್ಕ ಹಾಗೇ. ಕೇಳಲು ಸುಲಭ. ಆದರೆ ಅಲೆಯ ಮೇಲೆ ಓಲಾಡುವ ಹಡಗಿನಲ್ಲಿ ತಿಂಗಳುಗಟ್ಟಲೆ ಸರಿಯಾದ ಸಮಯ ತೋರಿಸುವ ಗಡಿಯಾರವೇ ಇರಲಿಲ್ಲ. ಬ್ರಿಟಿಷ್ ಸಂಸತ್ತು 1714ರಲ್ಲಿ ಇದಕ್ಕೆ ದೊಡ್ಡ ಬಹುಮಾನ ಇಟ್ಟಿತು. ಬಡಗಿಯ ಮಗ ಜಾನ್ ಹ್ಯಾರಿಸನ್ ಹತ್ತಿರ ಹತ್ತಿರ ಜೀವಮಾನವನ್ನೇ ಇದಕ್ಕೆ ಕೊಟ್ಟರು. ಅವರ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾ ಕಡೆ ಹೊರಟ ಹಡಗಿನಲ್ಲಿ ಪರೀಕ್ಷೆಗೆ ನಿಂತು ಗೆದ್ದಿತು.

ನಮ್ಮ ಕೈಯಲ್ಲಿ ಮೊಬೈಲ್ ಇದೆ, ಸಮಯದ ಚಿಂತೆ ಇಲ್ಲ. ಪಾದವನ್ನು ನಡು ಮಾಡಿಕೊಂಡು 60 ಸೆಂ.ಮೀ. ದಾರದಿಂದ ಒಂದು ವೃತ್ತ ಎಳೆಯಿರಿ. ಬಿಸಿಲ ಚುಕ್ಕಿ ಬೆಳಿಗ್ಗೆ ಒಮ್ಮೆ ಈ ವೃತ್ತವನ್ನು ದಾಟಿ ಒಳಗೆ ಬರುತ್ತದೆ, ಮಧ್ಯಾಹ್ನದ ಮೇಲೆ ದಾಟಿ ಹೊರಗೆ ಹೋಗುತ್ತದೆ. ಎರಡೂ ಸಮಯ ಬರೆದುಕೊಳ್ಳಿ. ಹಾಸನದಲ್ಲಿ ಅದು ಬೆಳಿಗ್ಗೆ 10:40, ಮಧ್ಯಾಹ್ನ 2:26 ಅಂತ ಇಟ್ಟುಕೊಳ್ಳೋಣ. ಎರಡರ ನಡು 12:33. ಅದೇ ನಿಮ್ಮ ಕಣದ ನಡುಮಧ್ಯಾಹ್ನ.

ಇದರಲ್ಲಿ ಒಂದು ತಿದ್ದುಪಡಿ ಉಂಟು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಭೂಮಿಯ ಅಕ್ಷವೂ ವಾಲಿದೆ. ಇದರಿಂದ ಸೂರ್ಯ ಗಡಿಯಾರಕ್ಕಿಂತ ಕೆಲವು ದಿನ ಹಿಂದೆ, ಕೆಲವು ದಿನ ಮುಂದೆ ಇರುತ್ತಾನೆ. ಮಾರ್ಚ್ 20ಕ್ಕೆ ಸುಮಾರು ಏಳೂವರೆ ನಿಮಿಷ ಹಿಂದೆ. ಅದನ್ನು ಕಳೆಯಿರಿ. 12:25:30 ಉಳಿಯಿತು. ನಮ್ಮ ಗಡಿಯಾರದ ಸಮಯ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹೋಗುವ 82.5 ಡಿಗ್ರಿ ರೇಖಾಂಶದ್ದು. ನಮ್ಮ ಮಧ್ಯಾಹ್ನ ಅಲ್ಲಿಗಿಂತ 25.5 ನಿಮಿಷ ತಡ. 25.5 ಭಾಗಿಸು 4, ಅಂದರೆ ಸುಮಾರು 6.4 ಡಿಗ್ರಿ. 82.5ರಲ್ಲಿ 6.4 ಕಳೆದರೆ 76.1. ಹಾಸನ ಸಿಕ್ಕಿತು!

ಇಲ್ಲಿ ಒಂದು ನಿಮಿಷ ತಪ್ಪಾದರೆ 27 ಕಿಲೋಮೀಟರ್ ತಪ್ಪುತ್ತದೆ. ಅದಕ್ಕೇ ಒಂದೇ ವೃತ್ತಕ್ಕೆ ನಿಲ್ಲಬೇಡಿ. 40, 50, 60 ಸೆಂಟಿಮೀಟರಿನ ಮೂರು ವೃತ್ತ ಎಳೆದು ಸರಾಸರಿ ತೆಗೆಯಿರಿ.

ರಾತ್ರಿ ಅಳೆಯಬೇಕು ಅಂದರೆ ಧ್ರುವ ನಕ್ಷತ್ರ ಇದೆ. ಅದು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅದೇ ಅಕ್ಷಾಂಶ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮ ಕಡೆ ಒಂದು ಮುಷ್ಟಿ, ಮೇಲೆ ಎರಡು ಬೆರಳು. ಅಷ್ಟು ಕೆಳಗಿರುವುದರಿಂದ ಮಲೆನಾಡಿನಲ್ಲಿ ಗುಡ್ಡವೋ ಸಿಲ್ವರ್ ಮರವೋ ಅಡ್ಡ ಬರುತ್ತದೆ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಇದು ಸುಲಭ.

ಸಂಖ್ಯೆಯಿಂದ ದೂರ

ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಉತ್ತರಕ್ಕೆ ಹೋದರೆ 110.6 ಕಿ.ಮೀ. ಒಂದು ಡಿಗ್ರಿ ಪೂರ್ವಕ್ಕೆ ಹೋದರೆ 108.5 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ, ಅದಕ್ಕೆ ಈ ವ್ಯತ್ಯಾಸ. ಹಾಸನ–ಚಿಕ್ಕಮಗಳೂರು ನೋಡಿ. ಅಕ್ಷಾಂಶದ ಅಂತರ 0.31, ಅಂದರೆ 34.3 ಕಿ.ಮೀ. ರೇಖಾಂಶದ ಅಂತರ 0.33, ಅಂದರೆ 35.8 ಕಿ.ಮೀ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಹತ್ತಿರ ಹತ್ತಿರ 50 ಕಿ.ಮೀ. ಇದು ಕಾಗೆ ಹಾರಿದ ದೂರ. ಬೇಲೂರಿನ ಮೇಲೆ ಬಸ್ಸಿನಲ್ಲಿ ಹೋದರೆ ಅರವತ್ತು ದಾಟುತ್ತದೆ. ಇಷ್ಟು ಚಿಕ್ಕ ದೂರಕ್ಕೆ ಭೂಮಿ ದುಂಡಗಿದೆ ಅನ್ನುವುದನ್ನು ಮರೆತರೂ ನಡೆಯುತ್ತದೆ.

ಅಮೆರಿಕಕ್ಕೆ ನಡೆಯುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ವಿಮಾನ ತಂದಿತು. ಗೋಡೆಯ ಭೂಪಟ ನೋಡಿದರೆ ಅದು ಸುತ್ತುದಾರಿ ಅನ್ನಿಸುತ್ತದೆ. ಒಂದು ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಎಳೆದು ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಮೇಲಕ್ಕೆ, ಧ್ರುವದ ಕಡೆಗೆ ಸರಿಯುತ್ತದೆ. ಹಾಗಾದರೆ ಭೂಪಟ ಯಾಕೆ ಬೇರೆ ತೋರಿಸುತ್ತದೆ? ಈಗ ಚಕ್ಕೋತ ತೆಗೆಯಿರಿ.

ಚಕ್ಕೋತದ ಸಿಪ್ಪೆ ಮತ್ತು ನಕ್ಷೆಯ ಪ್ರಕ್ಷೇಪ

ದುಂಡಗಿನ ಚಕ್ಕೋತದ ಮೇಲೆ ಸ್ಕೆಚ್ ಪೆನ್ನಿನಿಂದ ಭೂಮಧ್ಯರೇಖೆ ಎಳೆಯಿರಿ. ತೊಟ್ಟಿನಿಂದ ಬುಡದವರೆಗೆ ಎಂಟು ರೇಖಾಂಶ ಎಳೆಯಿರಿ. ತೊಟ್ಟಿನ ಹತ್ತಿರ ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ಬರೆಯಿರಿ, ನಡುವಿನಲ್ಲೂ ಅದೇ ನಾಣ್ಯ ಇಟ್ಟು ಬರೆಯಿರಿ. ಎರಡೂ ಒಂದೇ ಅಳತೆಯ ದೇಶಗಳು ಅಂದುಕೊಳ್ಳಿ. ಈಗ ಸಿಪ್ಪೆಯನ್ನು ರೇಖಾಂಶಗಳ ಗುಂಟ ಕೊಯ್ದು, ನಡುವಿನ ಪಟ್ಟಿಯಲ್ಲಿ ಮಾತ್ರ ಒಂದಕ್ಕೊಂದು ಅಂಟಿರುವ ಹಾಗೆ ಬಿಡಿಸಿ, ಮೇಜಿನ ಮೇಲೆ ಒತ್ತಿ ಹರಡಿ. ನಡುವೆ ಸೇರಿಕೊಂಡಿರುತ್ತದೆ, ಮೇಲೆ ಕೆಳಗೆ ಎಸಳು ಎಸಳಾಗಿ ಬಾಯಿ ಬಿಡುತ್ತದೆ. ಆ ಬಿರುಕನ್ನು ಮುಚ್ಚಬೇಕಾದರೆ ಎಸಳಿನ ತುದಿಯನ್ನು ಅಗಲಕ್ಕೆ ಎಳೆಯಬೇಕು. ಎಳೆದರೆ ತೊಟ್ಟಿನ ಹತ್ತಿರದ ನಾಣ್ಯದ ಗುರುತು ಅಗಲವಾಗಿ ಮೊಟ್ಟೆಯಾಕಾರ ಆಗುತ್ತದೆ. ಆಕಾರ ಕೆಡಬಾರದು ಅಂದರೆ ಎತ್ತರಕ್ಕೂ ಎಳೆಯಬೇಕು. ಆಗ ಗುರುತು ದುಂಡಗೇ ಇರುತ್ತದೆ, ಆದರೆ ದೊಡ್ಡದಾಗುತ್ತದೆ.

ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಕ್ರಮಕ್ಕೆ ಪ್ರಕ್ಷೇಪ ಅನ್ನುತ್ತಾರೆ. ಈಗ ಮಾಡಿದ್ದು, ಇಷ್ಟೇ ಮರ್ಕೇಟರ್ ಪ್ರಕ್ಷೇಪ. ಗೆರಾರ್ಡಸ್ ಮರ್ಕೇಟರ್ ಇದನ್ನು 1569ರಲ್ಲಿ ನಾವಿಕರಿಗಾಗಿ ಮಾಡಿದರು. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋದರೆ ಆ ದಾರಿ ಈ ನಕ್ಷೆಯಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಸ್ಕೇಲು ಇಟ್ಟು ಗೆರೆ ಎಳೆದು, ಕೋನ ಅಳೆದು, ಚುಕ್ಕಾಣಿ ಹಿಡಿದರೆ ಆಯಿತು. ಅದಕ್ಕೆ ತೆತ್ತ ಬೆಲೆ ವಿಸ್ತೀರ್ಣ. 60 ಡಿಗ್ರಿಯಲ್ಲಿ ಉದ್ದ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕರಷ್ಟಿದೆ. ನಮ್ಮ ಭಾರತವೇ ಅದಕ್ಕಿಂತ ಒಂದೂವರೆಯಷ್ಟು ದೊಡ್ಡದು. ಮೊಬೈಲಿನ ನಕ್ಷೆಗಳೂ ಹೆಚ್ಚಾಗಿ ಇದೇ ಜಾತಿಯವು. ನಮ್ಮ 13 ಡಿಗ್ರಿಯಲ್ಲಿ ಹಿಗ್ಗುವಿಕೆ ನೂರಕ್ಕೆ ಎರಡೂವರೆ ಅಷ್ಟೇ, ಹಾಗಾಗಿ ಗಮನಕ್ಕೆ ಬರುವುದಿಲ್ಲ.

ಎಲ್ಲವನ್ನೂ ಸರಿ ತೋರಿಸುವ ಚಪ್ಪಟೆ ನಕ್ಷೆ ಇರಲು ಸಾಧ್ಯವೇ ಇಲ್ಲ. ಜನಸಂಖ್ಯೆ, ಕಾಡು, ಬೆಳೆ ತೋರಿಸಲು ವಿಸ್ತೀರ್ಣ ಕಾಪಾಡುವ ಪ್ರಕ್ಷೇಪ ಬೇಕು. ದಾರಿ ಹಿಡಿಯಲು ಕೋನ ಕಾಪಾಡುವುದು ಬೇಕು. ಶಾಲೆಯ ಗೋಡೆಯಲ್ಲಿ ಮರ್ಕೇಟರ್ ನಕ್ಷೆ ಒಂದನ್ನೇ ನೇತುಹಾಕುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಕ್ಕದಲ್ಲೊಂದು ಗ್ಲೋಬ್ ಇರಲೇಬೇಕು.

ಚಿಕ್ಕ ಪ್ರದೇಶಕ್ಕೆ ಯುಟಿಎಂ ಎನ್ನುವ ಕ್ರಮ ಒಳ್ಳೆಯದು. ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿ ಮಾಡಿ, ಒಂದೊಂದನ್ನೂ ಬೇರೆ ಬೇರೆಯಾಗಿ ಚಪ್ಪಟೆ ಮಾಡುತ್ತಾರೆ. ಎಸಳು ತೆಳ್ಳಗಾದಷ್ಟೂ ಎಳೆಯುವುದು ಕಡಿಮೆ, ಚಕ್ಕೋತದಲ್ಲಿ ನೋಡಿದಿರಲ್ಲ. 72ರಿಂದ 78 ಡಿಗ್ರಿವರೆಗಿನ ಪಟ್ಟಿ 43ನೆಯದು. ಹಾಸನ, ಚಿಕ್ಕಮಗಳೂರು, ಬೆಂಗಳೂರು ಮೂರೂ ಅದರಲ್ಲೇ. ನಡುಗೆರೆ 75 ಡಿಗ್ರಿ, ಅದಕ್ಕೆ 5,00,000 ಮೀಟರ್ ಎಂದು ಸಂಖ್ಯೆ ಕೊಟ್ಟಿದ್ದಾರೆ. ಹಾಸನ ಅದರಿಂದ ಸುಮಾರು 119 ಕಿ.ಮೀ. ಪೂರ್ವಕ್ಕಿದೆ. ಹಾಗಾಗಿ ಹಾಸನದ ಪೂರ್ವ ಅಳತೆ ಸುಮಾರು 6,19,000 ಮೀಟರ್. ಎಲ್ಲ ಮೀಟರಿನಲ್ಲೇ ಇರುವುದರಿಂದ ಕೂಡುವುದು ಕಳೆಯುವುದು ಸುಲಭ.

ಟೋಪೋಶೀಟ್: ನಮ್ಮ ಮನೆ ಯಾವ ಹಾಳೆಯಲ್ಲಿದೆ?

1802ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸುಮಾರು 12 ಕಿ.ಮೀ. ಉದ್ದದ ಗೆರೆಯನ್ನು ಸರಪಳಿ ಹಾಕಿ ಅಳೆಯಲು ಶುರು ಮಾಡಿದರು. ಅಲ್ಲಿಂದ ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತ ಬೆಂಗಳೂರಿನ ಮೇಲೆ ಪಶ್ಚಿಮ ಕರಾವಳಿಗೆ ಬಂದರು. ಹೆಚ್ಚುಕಡಿಮೆ ನಮ್ಮ 13ರ ಗೆರೆಯ ಗುಂಟವೇ. ಆ ಅಳತೆಯಲ್ಲಿ ಹಳೆಯ ನಕ್ಷೆಗಳಲ್ಲಿ 400 ಮೈಲಿ ಎಂದಿದ್ದ ಮದ್ರಾಸು–ಮಂಗಳೂರು ನಡುವಿನ ಅಗಲ ಸುಮಾರು 360 ಮೈಲಿ ಮಾತ್ರ ಎಂದು ಗೊತ್ತಾಯಿತು. ಆ ದೊಡ್ಡ ಮೋಜಣಿಯ ಬುಡದ ಮೇಲೇ ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೇ ಆಫ್ ಇಂಡಿಯಾದ ಟೋಪೋಶೀಟ್‌ಗಳು, ಅಂದರೆ ನೆಲದ ಏರಿಳಿತವನ್ನೂ ತೋರಿಸುವ ನಕ್ಷೆಯ ಹಾಳೆಗಳು, ನಿಂತಿವೆ.

ಹಳೆಯ ಹಾಳೆಗಳ ನಂಬರ್ ಹಾಕುವ ಕ್ರಮ ಕಲಿತರೆ ತುಂಬ ಚೆಂದ. ಮೊದಲು 4 ಡಿಗ್ರಿಯ ದೊಡ್ಡ ಚೌಕ. 72ರಿಂದ 76 ಪೂರ್ವ, 12ರಿಂದ 16 ಉತ್ತರ ಸೇರಿ 48ನೇ ನಂಬರ್. 76ರಿಂದ 80ಕ್ಕೆ 57. ಪ್ರತಿ ದೊಡ್ಡ ಚೌಕವನ್ನು ಒಂದೊಂದು ಡಿಗ್ರಿಯ 16 ಚೌಕ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಎಡ ಮೇಲಿನ ಮೂಲೆಯಿಂದ ಕೆಳಕ್ಕೆ ಇಳಿಯುತ್ತ ಎಣಿಸಬೇಕು, ಮುಗಿದರೆ ಪಕ್ಕದ ಸಾಲಿನ ಮೇಲಿನಿಂದ. ಒಂದು ಡಿಗ್ರಿಯ ಚೌಕವನ್ನು ಮತ್ತೆ 15 ನಿಮಿಷದ 16 ಚೌಕ ಮಾಡಿ 1ರಿಂದ 16, ಅದೇ ರೀತಿ ಕೆಳಕ್ಕೆ ಇಳಿಯುತ್ತ. ಈ ಚಿಕ್ಕ ಚೌಕವೇ 1:50,000ದ ಟೋಪೋಶೀಟ್.

ಚಿಕ್ಕಮಗಳೂರು ಪಟ್ಟಣ ಹಾಕಿ ನೋಡೋಣ. 75.77 ಅಂದರೆ 48ನೇ ಚೌಕದ ಕೊನೆಯ ಸಾಲು. 13.32 ಅಂದರೆ ಮೇಲಿನಿಂದ ಮೂರನೆಯದು, ಓ. ಅದರೊಳಗೆ 75°46′ ಕೊನೆಯ ಸಾಲು, 13°19′ ಮೂರನೆಯದು. ಹಾಗಾಗಿ 48 ಓ/15. ಮುಳ್ಳಯ್ಯನಗಿರಿಯ ರೇಖಾಂಶ 75°43′ ಆದ್ದರಿಂದ ಒಂದು ಸಾಲು ಎಡಕ್ಕೆ, 48 ಓ/11. ಪಟ್ಟಣದಿಂದ ಕಾಣುವ ಬೆಟ್ಟ ಬೇರೆ ಹಾಳೆಯಲ್ಲಿದೆ! ಚಾರಣಕ್ಕೆ ಹೊರಡುವವರು ಎರಡನ್ನೂ ಇಟ್ಟುಕೊಳ್ಳಬೇಕು. ಹಾಸನ ಪಟ್ಟಣವನ್ನಂತೂ 13ರ ಗೆರೆ ಸೀಳಿಕೊಂಡು ಹೋಗುತ್ತದೆ. ಮೇಲಿನದು 57 ಸಿ/4, ಕೆಳಗಿನದು 57 ಡಿ/1. ಇನ್ನು ಆಲೂರಿನ ಮೂಲೆ? ಅಲ್ಲಿ ನಾಲ್ಕು ಹಾಳೆ ಕೂಡುತ್ತವೆ: 48 ಓ/16, 48 ಪಿ/13, 57 ಸಿ/4, 57 ಡಿ/1. ನೀವೇ ಎಣಿಸಿ ನೋಡಿ, ಬರುತ್ತದೋ ಇಲ್ಲವೋ.

ಈ ಹಾಳೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ನಮ್ಮ ಕಡೆಯ ಹಾಳೆಯ ನಕ್ಷೆಭಾಗ ಸುಮಾರು 55 ಸೆಂ.ಮೀ. ಎತ್ತರ, 54 ಸೆಂ.ಮೀ. ಅಗಲ. ಎರಡೂ ಕಡೆ 15 ನಿಮಿಷವೇ ಆದರೂ ಅಗಲ ಒಂದು ಸೆಂಟಿಮೀಟರ್ ಕಡಿಮೆ. ರೇಖಾಂಶಗಳು ಹತ್ತಿರವಾಗುವುದನ್ನು ಹೀಗೆ ಟೇಪು ಹಿಡಿದು ನೋಡಬಹುದು. ಕಂದು ಬಣ್ಣದ ಕಾಂಟೂರ್ ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತವೆ, ಗೆರೆಯಿಂದ ಗೆರೆಗೆ 20 ಮೀಟರ್ ಏರಿಕೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು.

2005ರ ನಕ್ಷೆ ನೀತಿಯ ನಂತರ ಬಂದ ಹೊಸ ಹಾಳೆಗಳ ನಂಬರ್ ನಮ್ಮ ಕಡೆ ಡಿ 43 ಎಂದು ಶುರುವಾಗುತ್ತದೆ. ಅವು ಯುಟಿಎಂ ಕ್ರಮದಲ್ಲಿವೆ, ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಲೆಕ್ಕಕ್ಕೇ ಹೊಂದುತ್ತವೆ. ಹಳೆಯ ಹಾಳೆಗಳು ಎವರೆಸ್ಟ್ ಲೆಕ್ಕದವು. ಎರಡೂ ಲೆಕ್ಕ ಭೂಮಿಯ ಆಕಾರವನ್ನು ಸ್ವಲ್ಪ ಬೇರೆಯಾಗಿ ಹಿಡಿದಿವೆ. ಮೊಬೈಲಿನ ಸಂಖ್ಯೆಯನ್ನು ಹಳೆಯ ಹಾಳೆಯ ಮೇಲೆ ಹಾಗೇ ಗುರುತಿಸಿದರೆ ನೂರಾರು ಮೀಟರ್ ಆಚೀಚೆ ಆಗಬಹುದು.

ಬೆಟ್ಟದಲ್ಲಿ ದಿಕ್ಸೂಚಿ

ದಿಕ್ಸೂಚಿಯ ಮುಳ್ಳು ತೋರಿಸುವುದು ಕಾಂತೀಯ ಉತ್ತರ. ನಮ್ಮ ಕಡೆ ಅದಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ. ಎರಡು ಡಿಗ್ರಿ ತಪ್ಪಿದರೆ ಐದು ಕಿಲೋಮೀಟರ್ ನಡೆದ ಮೇಲೆ 175 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಕಣದಲ್ಲಿ ಎಳೆದ ಉತ್ತರ–ದಕ್ಷಿಣ ಗೆರೆಯ ಮೇಲೆ ದಿಕ್ಸೂಚಿ ಇಟ್ಟರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಇದೆ. ಬಾಬಾಬುಡನ್ ಬೆಟ್ಟಸಾಲು, ಕುದುರೆಮುಖದ ಕಡೆಯ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿದೆ. ಅಂಥ ಬಂಡೆಯ ಮೇಲೆ ದಿಕ್ಸೂಚಿ ಇಟ್ಟರೆ ಮುಳ್ಳು ಎತ್ತಲೋ ವಾಲಬಹುದು. ಮೊಬೈಲಿನೊಳಗಿನ ದಿಕ್ಸೂಚಿಗೂ ಇದೇ ಪಾಡು. ಬಂಡೆಯಿಂದ ದೂರ ಬಂದು, ಎದೆಯ ಎತ್ತರಕ್ಕೆ ಹಿಡಿದು ಓದಿ. ಹತ್ತು ಹೆಜ್ಜೆ ಬಿಟ್ಟು ಮತ್ತೆ ಓದಿ. ಎರಡೂ ಒಂದೇ ಬಂದರೆ ಮಾತ್ರ ನಂಬಿ.

ದಾರಿ ತಪ್ಪಿದಾಗ ಎಲ್ಲಿದ್ದೇನೆ ಅಂತ ತಿಳಿಯುವುದು ಹೀಗೆ. ಗುರುತು ಸಿಗುವ ಎರಡು ಜಾಗ ನೋಡಿಕೊಳ್ಳಿ, ಒಂದು ಮುಳ್ಳಯ್ಯನಗಿರಿ, ಇನ್ನೊಂದು ಬೇರೆ ಕಡೆಯ ಗುಡ್ಡವೋ ಕೆರೆ ಏರಿಯೋ. ದಿಕ್ಸೂಚಿಯಲ್ಲಿ ಉತ್ತರದಿಂದ ಬಲಕ್ಕೆ ಸುತ್ತುತ್ತ ಎಣಿಸಿದಾಗ ಮುಳ್ಳಯ್ಯನಗಿರಿ 310 ಡಿಗ್ರಿಯಲ್ಲಿ ಕಂಡಿತು ಅನ್ನಿ. 180 ಕಳೆಯಿರಿ, 130. ನಕ್ಷೆಯಲ್ಲಿ ಮುಳ್ಳಯ್ಯನಗಿರಿಯಿಂದ 130 ಡಿಗ್ರಿ ದಿಕ್ಕಿಗೆ ಗೆರೆ ಎಳೆಯಿರಿ. ಇನ್ನೊಂದಕ್ಕೂ ಹಾಗೇ. ಎರಡು ಗೆರೆ ಕೂಡುವ ಜಾಗದಲ್ಲಿ ನೀವಿದ್ದೀರಿ. ಎರಡು ದಿಕ್ಕುಗಳ ನಡುವೆ 60ರಿಂದ 120 ಡಿಗ್ರಿ ಅಂತರ ಇದ್ದರೆ ಒಳ್ಳೆಯದು. ಮಂಜು ಇಳಿಯುವ ಮೊದಲೇ ಈ ಕೆಲಸ ಮಾಡಿಟ್ಟುಕೊಳ್ಳಿ. ಗಿರಿಯಲ್ಲಿ ಮಂಜು ಮುಸುಕಿದರೆ ಹತ್ತು ಮಾರು ಆಚೆಗಿನದೂ ಕಾಣುವುದಿಲ್ಲ.

ಮೊಬೈಲ್, ಉಪಗ್ರಹ, ಮತ್ತು ಆಲೂರಿನ ಕಡೆ ನಡಿಗೆ

ಜಿಪಿಎಸ್‌ಗೆ ಟವರ್ ಬೇಡ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೂ ಸ್ಥಳ ತೋರಿಸುತ್ತದೆ. ಹೋಗುವುದು ನಕ್ಷೆಯ ಚಿತ್ರ ಮಾತ್ರ. ಅದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳು ತಮ್ಮ ಸಮಯವನ್ನು ಕಳಿಸುತ್ತಲೇ ಇರುತ್ತವೆ. ಸಂದೇಶ ಬರಲು ಹಿಡಿದ ಹೊತ್ತಿನಿಂದ ದೂರ, ಕನಿಷ್ಠ ನಾಲ್ಕು ಉಪಗ್ರಹಗಳ ದೂರದಿಂದ ನಿಮ್ಮ ಜಾಗ. ಇಲ್ಲೂ ಎಲ್ಲ ಗಡಿಯಾರದ ಮಹಿಮೆಯೇ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ 300 ಮೀಟರ್ ತಪ್ಪುತ್ತದೆ. ಜಿಪಿಎಸ್‌ನದೇ ಕೆಲಸ ಮಾಡುವ ನಮ್ಮ ದೇಶದ ನಾವಿಕ್ ಉಪಗ್ರಹಗಳ ಮೇಲೆ ನಿಗಾ ಇಡುವ ಕೆಲಸ ನಡೆಯುವುದು ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ. ಅದು 1982ರಿಂದ ಇದೆ. ಸಮುದ್ರದಲ್ಲಿ ಮೀನುಗಾರನ ದೋಣಿಗೆ ದಾರಿ ಹೇಳುವ ಉಪಗ್ರಹವನ್ನು ನಮ್ಮ ಊರಿನ ಪಕ್ಕದಿಂದ ನೋಡಿಕೊಳ್ಳುತ್ತಾರೆ ಅಂದರೆ ಹೆಮ್ಮೆ ಆಗುತ್ತದೆ.

ಜಮೀನಿನ ಸರ್ವೇ ನಂಬರ್ ನೋಡಲು ದಿಶಾಂಕ್ ಆ್ಯಪ್ ಬಳಸುವವರು ಬಹಳ ಮಂದಿ. ಯಾವ ನಂಬರಿನಲ್ಲಿ ನಿಂತಿದ್ದೇವೆ ಅಂತ ಅಂದಾಜು ತಿಳಿಯಲು ಅದು ಒಳ್ಳೆಯದು. ಆದರೆ ಮೊಬೈಲಿನ ಜಿಪಿಎಸ್ ಮರದ ನೆರಳಿನಲ್ಲಿ ಹತ್ತು ಮೀಟರ್ ಆಚೀಚೆ ಸುಮ್ನೆ ಸರಿದಾಡುತ್ತದೆ. ಅದನ್ನು ನಂಬಿ ಬೇಲಿ ಹಾಕಬೇಡಿ. ಹದ್ದುಬಸ್ತಿಗೆ ಸರ್ವೇಯರೇ ಬರಬೇಕು.

ಈಗ ಆಲೂರಿಗೆ ಹೊರಡೋಣ. ಮೊಬೈಲಿನಲ್ಲಿ ದಶಮಾಂಶದಲ್ಲಿ ಸ್ಥಳ ತೋರಿಸುವ ಯಾವುದಾದರೂ ಜಿಪಿಎಸ್ ಆ್ಯಪ್ ಹಾಕಿಕೊಳ್ಳಿ. ಹಿಂದಿನ ದಿನವೇ ನಕ್ಷೆಯಲ್ಲಿ 13.00000, 76.00000 ಹಾಕಿ ಜಾಗ ನೋಡಿಕೊಳ್ಳಿ. ಅಲ್ಲಿಗೆ ಯಾವ ದಾರಿ ಹತ್ತಿರ, ಯಾರ ಜಮೀನು ದಾಟಬೇಕು ಅಂತ ಊರಿನಲ್ಲಿ ಕೇಳಿ. ತೋಟವಾಗಲಿ ಗದ್ದೆಯಾಗಲಿ, ಯಜಮಾನರನ್ನು ಕಂಡು, "ಸರ್ವೇ ಅಲ್ಲ ಅಣ್ಣಾ, ಭೂಗೋಳ ನೋಡೋಕೆ ಬಂದಿದ್ದೀವಿ" ಅಂತ ಮೊದಲೇ ಹೇಳಿ. ಕೈಯಲ್ಲಿ ಮೊಬೈಲ್ ಹಿಡಿದು ಗೆರೆ ಹುಡುಕುವವರನ್ನು ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ಬೇಡ ಅಂದರೆ ರಸ್ತೆಯಿಂದಲೇ ನೋಡಿ ಬನ್ನಿ.

ಒಪ್ಪಿದರೆ, ಮೊದಲು ಅಕ್ಷಾಂಶ ಸರಿ ಮಾಡಿಕೊಳ್ಳಿ. ಉತ್ತರ–ದಕ್ಷಿಣ ನಡೆಯುತ್ತ 13.00000 ಬರುವವರೆಗೆ ಹೋಗಿ. ಆಮೇಲೆ ಪೂರ್ವ–ಪಶ್ಚಿಮಕ್ಕೆ ಮಾತ್ರ ನಡೆಯಿರಿ. ಐದನೆಯ ಅಂಕಿ ನಿಲ್ಲುವುದೇ ಇಲ್ಲ, ಕುಣಿಯುತ್ತಲೇ ಇರುತ್ತದೆ. ನಾಲ್ಕನೆಯದು ಸೊನ್ನೆ ಆದರೆ ಸಾಕು, ಎರಡು ನಿಮಿಷ ಅಲ್ಲಾಡದೆ ನಿಲ್ಲಿ. ಮಕ್ಕಳು ಜೊತೆಗಿದ್ದರೆ ನಾಲ್ಕು ಜನರನ್ನು ನಾಲ್ಕು ಕಡೆ ನಿಲ್ಲಿಸಿ: ವಾಯವ್ಯದಲ್ಲಿ ನಿಂತವರು 48 ಓ/16, ನೈರುತ್ಯದವರು 48 ಪಿ/13, ಈಶಾನ್ಯದವರು 57 ಸಿ/4, ಆಗ್ನೇಯದವರು 57 ಡಿ/1. ಅವರವರ ಹಾಳೆಯ ಹೆಸರು ಅವರೇ ಕೂಗಿ ಹೇಳಲಿ.